ಕಣ್ಣು ಕಡಿಮೆಯಾದ ವರ್ಷ ಕೊಂಡ ಕಂಪ್ಯೂಟರ್

ಅರಸೀಕೆರೆಯಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಸೇರಿದ ಹೊಸದರಲ್ಲಿ ಟೈಪ್‌ರೈಟರ್ ಇತ್ತು. ಕೆಲವು ವರ್ಷಗಳ ಮೇಲೆ ಅದರ ಜಾಗಕ್ಕೆ ವಿಂಡೋಸ್ ಕಂಪ್ಯೂಟರ್ ಬಂತು. ವಕೀಲರು ಕುರ್ಚಿಗೆ ಒರಗಿ ದಾವೆಯ ಒಕ್ಕಣೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗುವರು, ನಾನು ಕೀಲಿಗಳ ಕಡೆ ನೋಡದೆ ಹೊಡೆಯುತ್ತಾ ಹೋಗುವೆ. ಅವರ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಕಾಮಾ ಹಾಕುವಷ್ಟು ನಮ್ಮಿಬ್ಬರಿಗೂ ಹೊಂದಿಕೆ ಇತ್ತು.

ಒಂದು ದಿನ ನಾನು ಕೊಟ್ಟ ಹಾಳೆಯನ್ನು ಕೈಯಲ್ಲಿ ಹಿಡಿದು ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೇನಮ್ಮ ಇದು?"

ಹಾಳೆ ಈಸಿಕೊಂಡು ಮುಖದ ಹತ್ತಿರ ತಂದು ನೋಡಿದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅರ್ಥವಾಗುವ ಪದ ಒಂದೂ ಇರಲಿಲ್ಲ. ಶುರುವಿನಲ್ಲೇ ಬಲಗೈ ಒಂದು ಕೀಲಿ ಆಚೆ ಕೂತುಬಿಟ್ಟಿತ್ತು. ಇಡೀ ಪುಟ ಹಾಗೇ ಹೊಡೆದಿದ್ದೆ. ಪರದೆ ಎದುರಿಗೇ ಇತ್ತು, ಆದರೂ ನನಗೆ ಗೊತ್ತಾಗಿರಲಿಲ್ಲ.

ಅವರು ಎದ್ದು ಬಾಗಿಲು ಮುಂದಕ್ಕೆ ಮಾಡಿದರು. "ಯಾವಾಗಿಂದ ಹಿಂಗೆ?"

ಯಾವಾಗಿನಿಂದ ಎಂದು ನಾನೇ ಸರಿಯಾಗಿ ಕೇಳಿಕೊಂಡಿರಲಿಲ್ಲ. ಸಂಜೆಯಾದರೆ ಮೆಟ್ಟಿಲು ಕಾಣುತ್ತಿರಲಿಲ್ಲ. ಪಕ್ಕದಿಂದ ಬಂದವರು ಇದ್ದಕ್ಕಿದ್ದಂತೆ ಎದುರಿಗೆ ಉದ್ಭವಿಸಿದಂತೆ ಬೆಚ್ಚುತ್ತಿದ್ದೆ. ತೊಡೆಯ ಮೇಲೆಲ್ಲ ಮೇಜಿನ ಮೂಲೆ ತಗುಲಿದ ನೀಲಿ ಗುರುತು. ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡು ದಿನ ದೂಡುತ್ತಿದ್ದೆ.

"ನಾಳೆ ಬರಬೇಡ. ಕಣ್ಣು ತೋರಿಸ್ಕೊಂಡು ಬಾ," ಎಂದರು. ಸಿಟ್ಟಿರಲಿಲ್ಲ ಮಾತಿನಲ್ಲಿ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಬೆಂಗಳೂರಿನ ಕಣ್ಣಾಸ್ಪತ್ರೆಗೆ ನನ್ನ ಗಂಡ ಕರೆದುಕೊಂಡು ಹೋದರು. ಅವರು ಬಾಣಾವರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಯಾವುದನ್ನೂ ಎರಡು ಸಲ ಕೂಡಿ ನೋಡದೆ ಒಪ್ಪುವವರಲ್ಲ. ಡಾಕ್ಟರಿಗೂ ಎರಡೆರಡು ಸಲ ಕೇಳಿದರು. ಎರಡು ಸಲವೂ ಉತ್ತರ ಒಂದೇ. ಅಕ್ಷಿಪಟಲ ಅಂಚಿನಿಂದ ಒಣಗುತ್ತಾ ಬರುತ್ತಿದೆ, ನೋಟ ನಡುವಿಗೆ ಕಿರಿದಾಗುತ್ತಾ ಹೋಗುತ್ತದೆ, ಔಷಧಿ ಇಲ್ಲ. ಪೂರ್ತಿ ಹೋಗಲು ಎಷ್ಟು ಕಾಲ ಹಿಡಿಯುತ್ತದೆ ಎಂದು ಹೇಳುವುದಕ್ಕೆ ಆಗುವುದಿಲ್ಲ.

ಅದೇ ಆಸ್ಪತ್ರೆಯಲ್ಲಿ ದೃಷ್ಟಿ ಹೋದವರಿಗೆ ಕೆಲಸ ಕಲಿಸುವ ಒಂದು ಕೋಣೆ ಇತ್ತು. ಕಲಿಸುತ್ತಿದ್ದವರಿಗೂ ಕಣ್ಣಿರಲಿಲ್ಲ. ನಾನು ಟೈಪಿಸ್ಟ್ ಎಂದು ಕೇಳಿ ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಹಾಗಾದ್ರೆ ನಿಮ್ಮ ಕೆಲಸ ಹೋಗಿಲ್ಲ. ಪರದೆ ಮೇಲಿರೋದನ್ನ ಕಂಪ್ಯೂಟರೇ ಓದಿ ಹೇಳುತ್ತೆ. ಯಾವ ಕಂಪ್ಯೂಟರ್ ಅನ್ನೋದೊಂದೇ ಪ್ರಶ್ನೆ."

ಅವರು ವಿವರಿಸಿದ್ದು ಇಷ್ಟು. ವಿಂಡೋಸ್ ಆದರೆ ಓದುವ ತಂತ್ರಾಂಶವನ್ನು ಬೇರೆ ಕೊಳ್ಳಬೇಕು. ಯಂತ್ರಕ್ಕಿಂತ ಆ ದನಿಗೇ ಬೆಲೆ ಜಾಸ್ತಿ. ಈಚೆಗೆ ಬಂದ ಮ್ಯಾಕ್‌ನಲ್ಲಾದರೆ ಓದುವ ದನಿ ಒಳಗೇ ಇರುತ್ತದೆ, ಆದರೆ ಯಂತ್ರ ದುಬಾರಿ, ನಮ್ಮ ಕಡೆ ಬಳಸುವವರು ಕಡಿಮೆ. ಎರಡೂ ಇಂಗ್ಲಿಷ್ ಓದುತ್ತವೆ, ಕನ್ನಡ ಓದುವುದಿಲ್ಲ. ಅಭ್ಯಾಸಕ್ಕೆಂದು ವಿಂಡೋಸ್ ತಂತ್ರಾಂಶದ ಮಾದರಿ ಸಿ.ಡಿ.ಯೊಂದನ್ನು ಕೊಟ್ಟರು. ಅದು ಮುಕ್ಕಾಲು ಗಂಟೆಯೊಳಗೆ ತಾನಾಗಿ ಸುಮ್ಮನಾಗುತ್ತದೆ. ಮತ್ತೆ ಮಾತಾಡಿಸಬೇಕಾದರೆ ಕಂಪ್ಯೂಟರನ್ನೇ ಆರಿಸಿ ಹೊತ್ತಿಸಬೇಕು.

ವಾಪಸು ಬರುವ ರೈಲಿನಲ್ಲಿ ತುಮಕೂರು ದಾಟುವವರೆಗೆ ನನ್ನ ಗಂಡ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ಹೇಳಿದರು: "ತಗೊಳೋದಾದ್ರೆ ವಿಂಡೋಸೇ. ಊರಲ್ಲಿರೋರೆಲ್ಲ ಅದನ್ನೇ ಇಟ್ಕೊಂಡಿದಾರೆ."

"ತಗೊಳೋದಾದ್ರೆ ಅಂದ್ರೆ?"

"ತಗೊಳ್ಳೇಬೇಕು ಅಂತೇನಿದೆ? ನನ್ನ ಸಂಬಳ ಇದೆ. ಸಾಕು ಬಿಡು, ಇಷ್ಟು ವರ್ಷ ದುಡಿದಿದ್ದೀಯ."

ಅರಸೀಕೆರೆ ಬಂದಾಗ ಅವರು ಕೈ ಚಾಚಿದರು. ಹಿಡಿಯದೆ ಇಳಿಯಲು ಹೋಗಿ ಮೆಟ್ಟಿಲು ತಪ್ಪಿ, ಕೊನೆಗೆ ಅವರ ತೋಳನ್ನೇ ಹಿಡಿದುಕೊಂಡೆ.

ಕಚೇರಿಯಲ್ಲಿ ವಕೀಲರ ಅಳಿಯನೂ ವಕೀಲನಾಗಿ ಸೇರಿಕೊಂಡು ಆಗ ಸ್ವಲ್ಪ ಕಾಲವಾಗಿತ್ತು. ಕೆಟ್ಟವನಲ್ಲ, ಆತುರದವನು. ನಾನಿರುವಾಗಲೇ, ನನಗೆ ಕಿವಿಯೂ ಹೋಗಿದೆಯೇನೋ ಎಂಬಂತೆ, ಮಾವನಿಗೆ ಹೇಳಿದ: "ಮಾವ, ಹೊಸಬರು ಒಬ್ಬರನ್ನ ನೋಡೋಣ. ಕೋರ್ಟ್ ಕಾಗದದಲ್ಲಿ ಒಂದು ಸರ್ವೆ ನಂಬರ್ ತಪ್ಪಾದ್ರೆ ಮೇಡಂ ಬಂದು ಉತ್ತರ ಕೊಡ್ತಾರಾ?"

ಮಾತು ಒರಟಾಗಿತ್ತು. ಸುಳ್ಳಾಗಿರಲಿಲ್ಲ.

ವಕೀಲರು ನನ್ನ ಕಡೆ ತಿರುಗಿದರು. "ಬೇಸಿಗೆ ರಜ ಮುಗಿದು ಕೋರ್ಟ್ ತೆಗೆಯೋವರೆಗೂ ಟೈಮ್ ತಗೋ. ನಿಂಗೆ ಯಾವ ಯಂತ್ರ ಬೇಕು ಅಂತ ನೀನೇ ಗೊತ್ತು ಮಾಡು. ಆಮೇಲೆ ಕೆಲಸ ಮಾಡಿ ತೋರಿಸು. ಆಗಲಿಲ್ಲ ಅಂದ್ರೆ ನಾನು ಹೇಳೋಕೆ ಮುಂಚೆ ನೀನೇ ಹೇಳಿಬಿಡ್ಬೇಕು."

ಆ ಸಿ.ಡಿ.ಯನ್ನು ಕಚೇರಿಯ ಕಂಪ್ಯೂಟರಿಗೆ ಹಾಕಿಕೊಂಡೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಹೊಡೆಯಲು ಕೂತರೆ ಒಂದು ಗಂಡು ದನಿ ಒಂದೊಂದು ಅಕ್ಷರವನ್ನೂ ಉಗುಳುತ್ತಾ ಬರುತ್ತಿತ್ತು. ಮೊದಲ ಎರಡು ದಿನ ತಲೆ ಸಿಡಿದುಹೋಯಿತು. ಮೂರನೆಯ ದಿನ ಆ ದನಿ ಹಿಂದಕ್ಕೆ ಸರಿದು ಮಾತು ಮಾತ್ರ ಕೇಳಿಸತೊಡಗಿತು. ಆದರೆ ಅದು ಯಾವಾಗ ನಿಲ್ಲುತ್ತದೋ ಎಂಬ ದಿಗಿಲು ಮಾತ್ರ ಬಿಡಲಿಲ್ಲ. ವಕೀಲರು ಒಂದು ವಾಕ್ಯದ ನಡುವೆ ಇರುವಾಗ ಕಿವಿಯಲ್ಲಿ ಇದ್ದಕ್ಕಿದ್ದಂತೆ ಮೌನ. ನನ್ನ ಬೆರಳು ಗಾಳಿಯಲ್ಲಿ. "ಒಂದು ನಿಮಿಷ ಸಾರ್," ಎಂದು ಕಂಪ್ಯೂಟರ್ ಆರಿಸಿ ಹೊತ್ತಿಸುವಷ್ಟರಲ್ಲಿ ಅವರಿಗೆ ಹೇಳುತ್ತಿದ್ದುದೇ ಮರೆತುಹೋಗಿರುತ್ತಿತ್ತು. ಪಕ್ಕದ ಮೇಜಿನಲ್ಲಿ ಅಳಿಯ ಪೆನ್ನು ಕುಟ್ಟುತ್ತಿದ್ದುದು ಕೇಳಿಸುತ್ತಿತ್ತು. ಅವನು ಏನೂ ಅನ್ನುತ್ತಿರಲಿಲ್ಲ. ಪೆನ್ನು ಕುಟ್ಟುತ್ತಿದ್ದ, ಅಷ್ಟೆ.

ಮ್ಯಾಕ್ ಎಂಬುದನ್ನು ಅಲ್ಲಿಯವರೆಗೆ ನಾನು ಮುಟ್ಟಿಯೂ ನೋಡಿರಲಿಲ್ಲ. ಬೇಲೂರಿನ ದೇವಸ್ಥಾನದ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರೊಬ್ಬರು ನನ್ನ ಗಂಡನ ಜೊತೆ ಓದಿದವರು. ಶಿಲ್ಪಗಳ ಚಿತ್ರ ತಿದ್ದಲು ಅವರು ಒಂದು ಬಿಳಿ ಮ್ಯಾಕ್ ಲ್ಯಾಪ್‌ಟಾಪ್ ತಂದಿದ್ದಾರೆಂದು ತಿಳಿದು, ರಜೆಯಲ್ಲಿ ಒಂದು ಬೆಳಿಗ್ಗೆ ಬಸ್ ಹತ್ತಿದೆವು. ನಾನೇ ಹಟ ಮಾಡಿ ಹೊರಡಿಸಿದ್ದು. ನನ್ನ ಗಂಡ ದಾರಿಯುದ್ದಕ್ಕೂ ಪೇಪರ್ ಓದಿದರು.

ಸ್ಟುಡಿಯೋದವರಿಗೆ ತಮ್ಮ ಯಂತ್ರ ಮಾತಾಡುತ್ತದೆಂದೇ ಗೊತ್ತಿರಲಿಲ್ಲ. ಬೆಂಗಳೂರಿನ ಶಿಕ್ಷಕರು ಹೇಳಿಕೊಟ್ಟಿದ್ದ ಎರಡು ಕೀಲಿಗಳನ್ನು ನಾನು ಹುಡುಕಿ ಒಟ್ಟಿಗೆ ಒತ್ತಿದೆ. ಲ್ಯಾಪ್‌ಟಾಪ್ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಮಾತಾಡಿಬಿಟ್ಟಿತು. ಫೋಟೋ ತೆಗೆಸಿಕೊಳ್ಳಲು ಬಂದಿದ್ದ ಒಂದು ಸಂಸಾರ ಬಾಗಿಲಲ್ಲೇ ನಿಂತುಕೊಂಡಿತು.

"ಅಯ್ಯೋ, ಇದಕ್ಕೆ ಬಾಯಿ ಬೇರೆ ಐತಾ!" ಎಂದರು ಸ್ಟುಡಿಯೋದವರು.

ಅದರಲ್ಲಿದ್ದ ಸರಳವಾದ ಬರವಣಿಗೆಯ ಪುಟವೊಂದನ್ನು ತೆರೆಸಿಕೊಂಡು, ಸಾವಿರ ಸಲ ಹೊಡೆದು ಬಾಯಿಪಾಠವಾಗಿದ್ದ ದಾವೆಯ ಮೊದಲ ಪ್ಯಾರಾವನ್ನು ಹೊಡೆದೆ. ಒಂದು ಕಡೆ ಬೆರಳು ತಪ್ಪಿತು. ತಪ್ಪಿದ್ದನ್ನು ಆ ದನಿ ತಕ್ಷಣ ಹೇಳಿತು. ಅಳಿಸಿದೆ, ಅಳಿಸಿದ ಅಕ್ಷರ ಯಾವುದು ಎಂದೂ ಹೇಳಿತು. ನನ್ನ ಎಡಗೈ ಕಿರುಬೆರಳು ಹಳೆಯ ರೂಢಿಯಂತೆ ಕಂಟ್ರೋಲ್ ಕೀಲಿಯನ್ನು ಹುಡುಕುತ್ತಿತ್ತು; ಈ ಯಂತ್ರಕ್ಕೆ ಬೇಕಾದ ಕೀಲಿ ಸ್ಪೇಸ್ ಪಟ್ಟಿಯ ಪಕ್ಕದಲ್ಲಿತ್ತು, ಹೆಬ್ಬೆರಳಿಗೆ ಸಿಗುವಂತೆ. ನಾಲ್ಕಾರು ಸಲ ಎಡವಿದೆ. ಆದರೆ ಹೊತ್ತು ಕಳೆಯುತ್ತಾ ಹೋಯಿತು, ಸ್ಟುಡಿಯೋದವರು ಕಾಫಿ ತರಿಸಿದರು, ಲೋಟ ಬರಿದಾಯಿತು, ದನಿ ಮಾತ್ರ ನಿಲ್ಲಲಿಲ್ಲ. ನಿಲ್ಲುವುದೇ ಇಲ್ಲ ಎಂದು ತಿಳಿದಾಗ ನನ್ನ ಹೆಗಲು ತಾನಾಗಿ ಕೆಳಗಿಳಿಯಿತು. ಎಷ್ಟು ವಾರದಿಂದ ಬಿಗಿಹಿಡಿದಿದ್ದೆನೋ.

"ನಂಗೆ ಇದೇ ಬೇಕು," ಎಂದೆ.

ನನ್ನ ಗಂಡ ಸ್ನೇಹಿತನಿಗೆ ನಮಸ್ಕಾರ ಹೇಳಿ ಹೊರಗೆ ನಡೆದರು.

ಹಳೇಬೀಡಿನಲ್ಲಿ ಇಳಿದು ಬಾಣಾವರದ ಬಸ್ಸಿಗೆ ಕಾಯಬೇಕಿತ್ತು. ನಿಲ್ದಾಣದಲ್ಲಿ ಪ್ರವಾಸಿಗಳ ಗದ್ದಲ. ನಾವು ಕೆರೆಯ ಕಡೆ ಹೋಗಿ ಒಂದು ಕಲ್ಲಿನ ಮೇಲೆ ಕೂತೆವು. ನನಗೆ ಕಂಡದ್ದು ತಟ್ಟೆಯಗಲದ ನೀರು, ಸುತ್ತ ಮಬ್ಬು. ಇನ್ನಷ್ಟು ನೀರು ನೋಡಬೇಕೆಂದರೆ ತಲೆ ತಿರುಗಿಸುತ್ತಾ ಹೋಗಬೇಕಿತ್ತು.

"ಆ ಯಂತ್ರ ಕೆಟ್ರೆ ಯಾರನ್ನ ಕೇಳ್ತೀಯ?" ಎಂದು ಅವರು ಶುರು ಮಾಡಿದರು. "ಅರಸೀಕೆರೆಲಿ ಅದರ ಒಂದು ಸ್ಕ್ರೂ ಬಿಚ್ಚೋರಿಲ್ಲ. ಕಚೇರಿಲಿ ಇರೋ ಫೈಲೆಲ್ಲ ವಿಂಡೋಸ್‌ದು. ಪ್ರಿಂಟರ್ ಅದಕ್ಕೆ ಸೇರ್ಸಿರೋದು. ನೀನೊಬ್ಬಳು ಬೇರೆ ಯಂತ್ರ ಇಟ್ಕೊಂಡು ಕೂತ್ರೆ ಆ ಹುಡುಗ ದಿನಾ ಒಂದು ತಕರಾರು ತೆಗೀತಾನೆ."

"ತೆಗೀಲಿ."

"ತೆಗೀಲಿ ಅಂದ್ರೆ? ಹಟಕ್ಕೆ ಮಾತಾಡಬೇಡ ಕಣೇ. ಲೆಕ್ಕ ಹಾಕಿ ನೋಡು."

"ರೀ, ನೀವು ಹಾಕ್ತಿರೋ ಲೆಕ್ಕ ಯಂತ್ರದ್ದಲ್ಲ. ರೈಲಲ್ಲೇ ನಂಗೆ ಗೊತ್ತಾಯ್ತು. ನಾನು ಮನೇಲಿ ಕೂತ್ಕೋಬೇಕು, ಅದು ನಿಮ್ಮ ಲೆಕ್ಕ. ವಿಂಡೋಸ್ ಅಂದ್ರೆ ದನಿ ಕೊಳ್ಳೋಕಾಗಲ್ಲ, ಕೆಲಸ ತಾನಾಗೇ ನಿಂತುಹೋಗುತ್ತೆ. ಅಲ್ವಾ?"

ಇಷ್ಟು ವರ್ಷದಲ್ಲಿ ಅವರಿಗೆ ಹಾಗೆ ಎದುರಾಡಿದ್ದಿಲ್ಲ. ಅವರು ಎದ್ದು ನೀರಿನ ಅಂಚಿಗೆ ಹೋದರು. ನನ್ನ ನೋಟದ ಬಿಲ್ಲೆಯಿಂದ ಆಚೆ ಹೋಗಿಬಿಟ್ಟದ್ದರಿಂದ ಅವರು ಅಲ್ಲೇ ಇದ್ದಾರೋ, ಹೊರಟೇಹೋದರೋ ತಿಳಿಯದೆ ನಾನು ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕರೆಯಲು ಮನಸ್ಸಾಗಲಿಲ್ಲ. ಕರೆಯದಿದ್ದರೆ ಹೇಗೆ ಎಂಬ ಭಯವೂ ಕಡಿಮೆಯಿರಲಿಲ್ಲ.

ದನಿ ಹಿಂದಿನಿಂದ ಬಂತು. "ನಂಗೆ ಭಯ ಕಂಪ್ಯೂಟರ್‌ದಲ್ಲ. ರಸ್ತೆದು."

ನಾನು ತಿರುಗಿದೆ.

"ಹೋದ ತಿಂಗಳು ನೀನು ಸ್ಟೇಷನ್ ರಸ್ತೆ ದಾಟೋದನ್ನ ನಾನು ಆ ಕಡೆಯಿಂದ ನೋಡ್ದೆ. ಎಡಗಡೆಯಿಂದ ಲಾರಿ ಬರ್ತಾ ಇತ್ತು. ನೀನು ನೋಡ್ಲೇ ಇಲ್ಲ. ಅವನೇ ಬ್ರೇಕ್ ಹಾಕಿದ. ನೀನು ಸುಮ್ಮನೆ ಬ್ಯಾಗ್ ಸರಿ ಮಾಡ್ಕೊಂಡು ನಡೆದೆ." ಅವರು ಬಂದು ನನ್ನ ಪಕ್ಕ ಕೂತರು. "ನಾನು ಬಾಣಾವರದಲ್ಲಿ ಪಾಠ ಮಾಡ್ತಿರ್ತೀನಿ. ಬೋರ್ಡ್ ಮೇಲೆ ಬರೀತಾ ಬರೀತಾ ಆ ಲಾರಿ ಬರುತ್ತೆ."

ಆ ಲಾರಿಯ ಸಂಗತಿ ನನಗೆ ಅಂದೇ ತಿಳಿದದ್ದು. ಬ್ರೇಕಿನ ಸದ್ದು ಕೇಳಿಸಿರಬೇಕು. ಪೇಟೆಯಲ್ಲಿ ಕೇಳುವ ನೂರು ಸದ್ದಿನಲ್ಲಿ ಅದೊಂದು ಎಂದುಕೊಂಡಿರಬೇಕು. ಕೆಲಸ ಬಿಡುತ್ತೇನೆ ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಅದನ್ನು ತಡೆದದ್ದು ಧೈರ್ಯ ಎಂದು ಹೇಳಲಾರೆ. ಮನೆಯಲ್ಲಿ ಕೂತು ಮಬ್ಬು ಮುಚ್ಚುವುದನ್ನು ಕಾಯುವುದು ಲಾರಿಗಿಂತ ಹೆಚ್ಚು ಹೆದರಿಸಿತು.

"ರಸ್ತೆಗೆ ಏನಾದ್ರೂ ಮಾಡೋಣ," ಎಂದೆ. "ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ."

ಬಸ್ಸು ಜಾವಗಲ್ ದಾಟಿದ ಮೇಲೆ ಅವರು ನಿಧಾನವಾಗಿ ಕೇಳಿದರು: "ಆ ಕೀಲಿ ಹೆಬ್ಬೆರಳಿಗೆ ಸಿಗೋದು ಅನುಕೂಲನೋ, ತೊಂದರೆನೋ?" ಒಪ್ಪಿದರೆಂದು ನನಗೆ ಅರ್ಥವಾಯಿತು.

ನಾನು ತಿಂಗಳು ತಿಂಗಳು ಕಟ್ಟುತ್ತಿದ್ದ ಚೀಟಿ ಎತ್ತಿ, ಆ ಹಣದಲ್ಲಿ ಮ್ಯಾಕ್ ತಂದೆವು. ರಜೆಯಲ್ಲಿ ಉಳಿದಿದ್ದ ದಿನಗಳನ್ನೆಲ್ಲ ಅದರ ಮುಂದೆ ಕಳೆದೆ. ಆಸ್ಪತ್ರೆಯವರು ಕೊಟ್ಟ ಬಿಳಿ ಕೋಲನ್ನು ಹಿಡಿದು ಬೆಳಗಿನ ಹೊತ್ತು ನನ್ನ ಗಂಡನ ಜೊತೆ ಸ್ಟೇಷನ್ ರಸ್ತೆ ದಾಟುವುದನ್ನೂ ಅಭ್ಯಾಸ ಮಾಡಿದೆ. ಪರಿಚಯದವರು ಕೋಲನ್ನು ನೋಡಿ ಮಾತು ನುಂಗುತ್ತಿದ್ದುದು ಕಿವಿಗೇ ತಿಳಿಯುತ್ತಿತ್ತು. ಯಂತ್ರ ಕಲಿಯುವುದಕ್ಕಿಂತ ಅದು ಕಷ್ಟವಾಗಿತ್ತು.

ಕೋರ್ಟ್ ತೆರೆದ ವಾರವೇ ಗೆಂಡೆಹಳ್ಳಿ ಕಡೆಯಿಂದ ಅಣ್ಣತಮ್ಮಂದಿರಿಬ್ಬರು ಓಡಿಬಂದರು. ಅರಸೀಕೆರೆ ತಾಲ್ಲೂಕಿನಲ್ಲಿದ್ದ ಅವರ ತಾಯಿಯ ಪಾಲಿನ ತೆಂಗಿನ ತೋಟಕ್ಕೆ ಹೋಗುವ ಗಾಡಿದಾರಿಯನ್ನು ಪಕ್ಕದ ಜಮೀನಿನವನು ಅಗೆಯಲು ಹೊರಟಿದ್ದ.

"ಜೆಸಿಬಿ ತಂದು ನಿಲ್ಲಿಸವ್ನೆ ಸಾಮಿ," ಎಂದ ದೊಡ್ಡವನು. "ಊಟದ ಹೊತ್ಗೆ ಅಗೆದು ಹಾಕ್ತಾನೆ. ಆಮೇಲೆ ದಾರಿ ಎಲ್ಲೈತೆ ತೋರ್ಸು ಅಂದ್ರೆ ಏನ್ ತೋರ್ಸನ?"

ತಡೆಯಾಜ್ಞೆಯ ಅರ್ಜಿ ಕೂಡಲೇ ತಯಾರಾಗಬೇಕು, ಮಧ್ಯಾಹ್ನದೊಳಗೆ ನ್ಯಾಯಾಧೀಶರ ಮುಂದೆ ಹೋಗಬೇಕು. ಅಳಿಯ ನನ್ನ ಕಡೆ ನೋಡಿದನೋ ಏನೋ. ವಕೀಲರು ಮಾತ್ರ "ಬರ್ಕೋಮ್ಮ" ಎಂದು ಹೇಳತೊಡಗಿದರು.

ಕಿವಿಯಲ್ಲಿ ಎರಡು ದನಿ. ಹೊರಗಿನಿಂದ ವಕೀಲರದು, ಒಳಗಿನಿಂದ ಯಂತ್ರದ್ದು. ಒಂದು ಮುಂದಕ್ಕೆ ಎಳೆಯುತ್ತದೆ, ಇನ್ನೊಂದು ಹಿಂದೆ ಬಿದ್ದದ್ದನ್ನು ಹೇಳುತ್ತದೆ. ಸರ್ವೆ ನಂಬರ್ ಬಂದಾಗ ನಿಲ್ಲಿಸಿ, ಒಂದೊಂದು ಅಂಕಿಯನ್ನೂ ಯಂತ್ರದಿಂದ ಓದಿಸಿಕೊಂಡು, ಬಾಯಿಬಿಟ್ಟು ಹೇಳಿ, ಅಣ್ಣನಿಂದ ಹೌದು ಅನ್ನಿಸಿಕೊಂಡೆ. ಅರ್ಜಿ ಮುಗಿಯಿತು, ಪ್ರಮಾಣಪತ್ರ ಮುಗಿಯಿತು. ಮೊದಲಿನಿಂದ ಒಮ್ಮೆ ಪೂರ್ತಿ ಓದಿಸಿ ಕೇಳಿದೆ. ತಪ್ಪಿರಲಿಲ್ಲ.

ಪ್ರಿಂಟರ್ ಇದ್ದದ್ದು ಕಚೇರಿಯ ವಿಂಡೋಸ್ ಕಂಪ್ಯೂಟರಿಗೆ. ಪೆನ್ ಡ್ರೈವಿನಲ್ಲಿ ಹಾಕಿಕೊಟ್ಟದ್ದನ್ನು ಅಳಿಯ ಅದಕ್ಕೆ ಚುಚ್ಚಿ ತೆರೆದ.

"ಮೇಡಂ, ಇದು ಎಲ್ಲಾ ಕಲಸಿಹೋಗಿದೆ."

ಅಕ್ಷರಗಳು ಸರಿಯಾಗಿಯೇ ಇದ್ದವು. ಆದರೆ ಆ ಯಂತ್ರದ ಪುಟದ ಅಳತೆ ಬೇರೆ, ಇದರದು ಬೇರೆ. ಕೋರ್ಟಿನ ಉದ್ದ ಕಾಗದಕ್ಕೆ ಸಾಲುಗಳು ಕೂರದೆ ಅಂಚು ಮೀರಿದ್ದವು. ಸಹಿ ಮಾಡುವ ಜಾಗವೊಂದೇ ಬೇರೆ ಹಾಳೆಗೆ ಜಾರಿತ್ತು. ಅನುಬಂಧದಲ್ಲಿದ್ದ ತೋಟದ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳು, ಒಂದರೊಳಗೊಂದು ಸೇರಿಕೊಂಡಿದ್ದವು. ಚೆಕ್ಕುಬಂದಿ ಕಲಸಿದ ಅರ್ಜಿಯನ್ನು ಯಾವ ನ್ಯಾಯಾಧೀಶರೂ ಮುಟ್ಟುವುದಿಲ್ಲ.

"ನಾನು ಹೇಳಿದ್ದೆ..." ಎಂದು ಅಳಿಯ ಶುರು ಮಾಡಿ ನಿಲ್ಲಿಸಿಕೊಂಡ. ಜಗುಲಿಯಲ್ಲಿ ಅಣ್ಣತಮ್ಮಂದಿರಲ್ಲಿ ಚಿಕ್ಕವನು ಮೊಬೈಲಿನಲ್ಲಿ ಯಾರಿಗೋ ಕೂಗುತ್ತಿದ್ದ: "ಇನ್ನೊಂದ್ ಗಳಿಗೆ ತಡೀರ್ಲಾ, ಕಾಲಿಗ್ ಬೀಳಿ ಬೇಕಾದ್ರೆ, ಬತ್ತೀವಿ!"

"ಎದ್ದೇಳಿ, ನಾನು ಕೂತ್ಕೊತೀನಿ," ಎಂದೆ.

ಆ ಕಂಪ್ಯೂಟರಿನಲ್ಲಿದ್ದ ಮಾದರಿ ದನಿಯನ್ನು ಎಬ್ಬಿಸಲು ಮತ್ತೆ ಆರಿಸಿ ಹೊತ್ತಿಸಬೇಕಿತ್ತು. ಅಷ್ಟು ಸಮಯವಿರಲಿಲ್ಲ. ನನ್ನ ನೋಟಕ್ಕೆ ಸಿಗುತ್ತಿದ್ದುದು ಒಂದು ಸಲಕ್ಕೆ ಎರಡು ಮೂರು ಪದ. ಪುಟದ ಅಳತೆ ಬದಲಿಸುವ ಕೀಲಿಗಳು ಬೆರಳಿಗೆ ಗೊತ್ತಿದ್ದವು. ಬದಲಿಸಿದ ಮೇಲೆ ಪುಟ ಹೇಗಾಯಿತು ಎಂದು ಹೇಳುವವರು ಬೇಕಿತ್ತು. ಅಳಿಯ ಬೆನ್ನ ಹಿಂದೆ ನಿಂತಿದ್ದ. ಅವನನ್ನು ಕೇಳುವುದಕ್ಕೆ ನನಗೆ ಎಷ್ಟು ಕಷ್ಟವಾಯಿತೆಂದರೆ, ಒಂದು ಕ್ಷಣ ಬೆರಳೇ ಓಡಲಿಲ್ಲ.

"ನೀವು ಓದಿ ಹೇಳ್ತೀರಾ?"

ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. "ಎರಡು ಸಾಲು ಕೆಳಗೆ ಬನ್ನಿ. ಸಾಕು. ಅಲ್ಲಿ 'ಈಸ್ಟ್' ಇದೆ, ಮುಂದಿನದು ಅದಕ್ಕೇ ಅಂಟ್ಕೊಂಡಿದೆ."

ಒಡೆದೆ.

"ಈಗ 'ವೆಸ್ಟ್' ಬೇರೆ ಸಾಲಿಗೆ ಬಂತು. ಇನ್ನೂ ಒಂದು ಕೆಳಗೆ. ಇಲ್ಲ, ಜಾಸ್ತಿ ಆಯ್ತು, ಮೇಲೆ ಬನ್ನಿ."

ಅವನ ದನಿಯಲ್ಲಿದ್ದ ಆತುರ ಈಗ ನನ್ನ ಮೇಲಿನ ಆತುರವಾಗಿರಲಿಲ್ಲ. ನಾನು ಹೊಡೆಯುತ್ತಾ ಹೋದೆ, ಅವನು ನೋಡುತ್ತಾ ಹೇಳುತ್ತಾ ಹೋದ. ಸಹಿಯ ಜಾಗವನ್ನು ಮೇಲಕ್ಕೆ ತಂದು ನಿಲ್ಲಿಸಿದ ಮೇಲೆ ಪ್ರಿಂಟರ್ ಹಾಳೆ ಎಳೆಯತೊಡಗಿತು. ವಕೀಲರು ಬಿಸಿ ಆರದ ಹಾಳೆಗಳನ್ನು ಒಂದೊಂದಾಗಿ ಓದಿ, ಅಣ್ಣತಮ್ಮಂದಿರಿಂದ ಸಹಿ ಹಾಕಿಸಿ, ಕೋಟು ತೋಳಿಗೆ ಏರಿಸಿಕೊಳ್ಳುತ್ತಲೇ ಮೆಟ್ಟಿಲಿಳಿದರು. ಅಳಿಯ ಹಿಂದೆಯೇ ಓಡಿದ.

ಕಚೇರಿಯಲ್ಲಿ ನಾನೊಬ್ಬಳೇ. ನೀರು ಕುಡಿಯಲು ಹೋಗಿ ಲೋಟ ತಾಗಿಸಿ ಉರುಳಿಸಿದೆ. ಚೆಲ್ಲಿದ ನೀರು ಪ್ಲಗ್ಗಿನ ಕಡೆ ಹೋಯಿತೋ ಏನೋ ಎಂದು ಮೊಣಕಾಲೂರಿ ನೆಲ ಸವರುತ್ತಿದ್ದಾಗ, ಗೆದ್ದೆನೋ ಸೋತೆನೋ ಯಾವುದೂ ಮನಸ್ಸಿಗೆ ಬರಲಿಲ್ಲ. ಇನ್ನು ಮುಂದೆ ಪ್ರತಿ ದಿನವೂ ಹೀಗೆಯೇ ಇರುತ್ತದೆಯೇ ಎಂಬ ಒಂದೇ ಯೋಚನೆ ಇತ್ತು.

ವಕೀಲರೂ ಅಳಿಯನೂ ಬಂದಾಗ ಮಧ್ಯಾಹ್ನ ಇಳಿದಿತ್ತು. ತಡೆಯಾಜ್ಞೆ ಸಿಕ್ಕಿತ್ತು. ಆದರೆ ಆಜ್ಞೆ ತೋಟದ ಹತ್ತಿರ ತಲುಪುವುದರೊಳಗೆ ದಾರಿಯ ಒಂದು ತುದಿಯನ್ನು ಅಗೆದಾಗಿತ್ತು. ಗಾಡಿ ಹೋಗುವಷ್ಟು ಉಳಿದಿದೆ ಎಂದು ಚಿಕ್ಕವನು ಫೋನಿನಲ್ಲಿ ಹೇಳಿದನಂತೆ. ಮೊದಲೇ ಪುಟ ಸರಿಯಾಗಿದ್ದಿದ್ದರೆ ಪೂರ್ತಿ ಉಳಿಯುತ್ತಿತ್ತೇ ಎಂದು ನಾನು ವಕೀಲರನ್ನು ಕೇಳಿದೆ.

"ಅದನ್ನ ಯಾರೂ ಹೇಳೋಕಾಗಲ್ಲ," ಎಂದರು. ಸಮಾಧಾನಕ್ಕೆಂದು ಬೇರೇನೂ ಸೇರಿಸಲಿಲ್ಲ. "ನಾಳೆಯಿಂದ ಮೊದಲು ಆ ಅಳತೆ ವಿಷಯ ಇಬ್ಬರೂ ಕೂತು ಸರಿ ಮಾಡಿ."

ನಾನೂ ಅಳಿಯನೂ ಮಾರನೆಯ ದಿನ ಕೂತೆವು. ನಾನು ಅಂಚು, ಅಳತೆ ಯಾವುದನ್ನೂ ಹಾಕದೆ ಬರೀ ಅಕ್ಷರವನ್ನು ಮ್ಯಾಕ್‌ನಲ್ಲಿ ಹೊಡೆಯುವುದು, ಅವನು ವಿಂಡೋಸ್‌ನಲ್ಲಿ ಮೊದಲೇ ಮಾಡಿಟ್ಟ ಖಾಲಿ ಪುಟಕ್ಕೆ ಅದನ್ನು ಸುರಿಯುವುದು ಎಂದು ಗೊತ್ತು ಮಾಡಿಕೊಂಡೆವು. ಹೊಸ ಟೈಪಿಸ್ಟನ್ನು ತರುವ ಮಾತು ಮತ್ತೆ ಬರಲಿಲ್ಲ. ಅವನ ಪೆನ್ನು ಕುಟ್ಟುವ ಚಾಳಿ ಮಾತ್ರ ಹೋಗಲಿಲ್ಲ. ಅವನು ಎಲ್ಲಿ ಕೂತಿದ್ದಾನೆಂದು ನಾನು ಅದರಿಂದಲೇ ತಿಳಿಯುತ್ತಿದ್ದೆ.

ಕೆಲವು ವರ್ಷಗಳಲ್ಲಿ ನಡುವಿನ ಬಿಲ್ಲೆಯೂ ಮುಚ್ಚಿತು. ಆ ಹೊತ್ತಿಗೆ ಕೆಲಸ ಕಿವಿಗೆ ದಾಟಿ ಎಷ್ಟೋ ಕಾಲವಾಗಿತ್ತು. ಕಷ್ಟವಾದದ್ದು ಕನ್ನಡದ ಕಾಗದಗಳಲ್ಲಿ. ನನ್ನ ಯಂತ್ರ ಅವನ್ನು ಓದುತ್ತಿರಲಿಲ್ಲ. ನಾನು ಹೊಡೆದ ಸಾಕ್ಷಿಗಳ ಹೇಳಿಕೆಗಳ ಪ್ರಿಂಟನ್ನು ಸಂಜೆ ಮನೆಗೆ ತರುತ್ತಿದ್ದೆ. ನನ್ನ ಗಂಡ ಬಾಣಾವರದಿಂದ ಬಂದು ಕೈಕಾಲು ತೊಳೆದು ಗಟ್ಟಿಯಾಗಿ ಓದುತ್ತಿದ್ದರು, ನಾನು ತಪ್ಪು ಹಿಡಿಯುತ್ತಿದ್ದೆ. ಗಣಿತದ ಮೇಷ್ಟರಿಗೆ ಸಾಕ್ಷಿ ಹೇಳಿದ್ದು ಹೊಂದಿಕೆಯಾಗದಿದ್ದರೆ ತಡೆಯುತ್ತಿರಲಿಲ್ಲ.

"ಇವನು ಮೊದಲು ಬೆಳಿಗ್ಗೆ ಅಂದ, ಈಗ ಮಧ್ಯಾಹ್ನ ಅಂತಾನೆ. ಸುಳ್ಳು ಹೇಳ್ತಿದಾನೆ ಕಣೇ."

"ಅದು ನಮ್ಮ ಕೆಲಸ ಅಲ್ಲ. ಇರೋದನ್ನ ಇದ್ದ ಹಾಗೆ ಓದ್ರೀ," ಎನ್ನುತ್ತಿದ್ದೆ. ಅವರು ಗೊಣಗಿಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದರು.